ಟೈಮ್ ಕೀಪರ್ ಗುರುಬಸಪ್ಪನವರ ಹೆಬ್ಬೆರಳು

ಗುರುಬಸಪ್ಪನವರು ಹಾಲಿನವಳನ್ನು ನಂಬುತ್ತಿರಲಿಲ್ಲ. ಬಸ್ ಕಂಡಕ್ಟರನ್ನು ನಂಬುತ್ತಿರಲಿಲ್ಲ. ತಮ್ಮ ಕೈಗಡಿಯಾರವನ್ನೂ ನಂಬದೆ ದಿನಾ ಬೆಳಿಗ್ಗೆ ರೇಡಿಯೋ ವಾರ್ತೆ ಶುರುವಾಗುವ ಹೊತ್ತಿಗೆ ಅದನ್ನು ಕಿವಿಯ ಹತ್ತಿರ ಹಿಡಿದು ತಾಳೆ ನೋಡುತ್ತಿದ್ದರು. ಒಮ್ಮೆ ಎರಡೂ ಹೊಂದಲಿಲ್ಲ. ತಪ್ಪಿದ್ದು ರೇಡಿಯೋನೇ ಇರಬೇಕು ಎಂದು ಅವರು ಕಾರ್ಖಾನೆಗೆ ಬಂದು ನನಗೆ ಹೇಳಿದರು. ನಗೆಯಾಡುತ್ತಿದ್ದಾರೆ ಅಂದುಕೊಂಡೆ. ಅವರು ನಗೆಯಾಡುತ್ತಿರಲಿಲ್ಲ.

ನಾನು ಹದಿನಾಲ್ಕು ವರ್ಷ ಅವರ ಪಕ್ಕದ ಕಿಟಕಿಯಲ್ಲಿ ಕೂತವಳು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ನಮ್ಮ ಕಾರ್ಖಾನೆಯ ಹೆಸರು ಬೇಡ, ಮಾಲೀಕರ ಮಕ್ಕಳು ಇನ್ನೂ ಇದ್ದಾರೆ. ದೊಡ್ಡ ದೊಡ್ಡ ಪ್ರೆಸ್ಸುಗಳಲ್ಲಿ ತಗಡು ಒತ್ತಿ ಪಂಪ್‌ಸೆಟ್ಟಿನ ಮುಚ್ಚಳ ಮಾಡುವ ಜಾಗ. ಮುನ್ನೂರು ಜನ ಕೆಲಸಗಾರರು. ನಾನು ಟೆಲಿಫೋನ್ ಆಪರೇಟರ್. ಗುರುಬಸಪ್ಪನವರು ಟೈಮ್ ಕೀಪರ್, ಎಂದರೆ ಯಾರು ಎಷ್ಟು ಹೊತ್ತಿಗೆ ಬಂದರು, ಯಾರಿಗೆ ರಜೆ, ಯಾರಿಗೆ ನಡುವೆ ಹೊರಗೆ ಹೋಗಲು ಗೇಟ್ ಪಾಸ್, ಇದನ್ನೆಲ್ಲಾ ಬರೆಯುವವರು. ಹಣೆಯ ಮೇಲೆ ಮೂರೆಳೆ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಎರಡನೆಯದು ಯಾಕೆಂದರೆ ಮೊದಲನೆಯದರ ಮೇಲೆ ನಂಬಿಕೆ ಇಲ್ಲ.

ಪ್ರೆಸ್ ಶಾಪಿನ ಬಾಗಿಲಿನಿಂದ ಟೈಮ್ ಆಫೀಸಿನ ಕಿಟಕಿಗೆ ಸರಿಯಾಗಿ ಹತ್ತು ಹೆಜ್ಜೆ. ಹುಷಾರಿಲ್ಲ, ಗೇಟ್ ಪಾಸ್ ಬೇಕು ಎನ್ನುವವರು ಆ ಹತ್ತು ಹೆಜ್ಜೆ ನಡೆದು ಬರಲೇಬೇಕು. ಅವರು ಬರುವುದನ್ನು ಗುರುಬಸಪ್ಪನವರು ಕನ್ನಡಕ ಮೇಲೇರಿಸಿ, ಎದ್ದು ನಿಂತು ನೋಡುತ್ತಿದ್ದರು.

"ನಿಜವಾಗ್ಲೂ ನೋವಿರೋನು ಹತ್ತು ಹೆಜ್ಜೆನೂ ಒಂದೇ ಥರ ಕುಂಟ್ತಾನೆ ವಿಮಲಮ್ಮ," ಎಂದು ನನಗೆ ಪಾಠ ಹೇಳಿದ್ದರು. "ನಾಟಕ ಆಡೋನು ಏಳನೇ ಹೆಜ್ಜೆಲಿ ಮರ್ತುಬಿಡ್ತಾನೆ. ನೆಟ್ಟಗೆ ನಡೀತಾನೆ. ಏಳನೇದು ನೋಡ್ಕೊಳಿ ನೀವು."

ನೋಡಿ ಆದ ಮೇಲೆ ಮೇಜಿನ ಖಾನೆಯಿಂದ ಒಂದು ಚಿಕ್ಕ ಡೈರಿ ತೆಗೆದು ಹೆಸರಿನ ಮುಂದೆ 'ನಿ' ಅಥವಾ 'ನಾ' ಎಂದು ಬರೆಯುತ್ತಿದ್ದರು. ನಿಜ ಅಥವಾ ನಾಟಕ. ನಾನು ಒಮ್ಮೆ ಕದ್ದು ತಿರುವಿ ನೋಡಿದ್ದೆ. ಪುಟಕ್ಕೆ ಇಪ್ಪತ್ತು ಹೆಸರಿದ್ದರೆ ಎರಡು 'ನಿ' ಇದ್ದವು. ಅವರ ಸ್ವಂತ ಹೆಸರು ಮಾತ್ರ ಡೈರಿಯಲ್ಲಿ ಎಲ್ಲೂ ಇರಲಿಲ್ಲ, ಏಕೆಂದರೆ ಹತ್ತೊಂಬತ್ತು ವರ್ಷದಲ್ಲಿ ಅವರು ಒಂದು ದಿನವೂ ಹುಷಾರಿಲ್ಲ ಎಂದು ರಜೆ ಹಾಕಿದವರಲ್ಲ. ಜ್ವರ ಬಂದರೆ ಮಫ್ಲರ್ ಸುತ್ತಿಕೊಂಡು ಬಂದು ಕೂರುತ್ತಿದ್ದರು. ಅದೇ ಅವರ ದೊಡ್ಡಸ್ತಿಕೆ, ಹೆಂಡತಿ ನೀಲಗಂಗಮ್ಮನ ಪಾಲಿಗೆ ಅದೇ ಗ್ರಹಚಾರ.

ಬಸವೇಶ್ವರನಗರದಲ್ಲಿ ಅವರದೂ ನಮ್ಮದೂ ಒಂದೇ ಬೀದಿ. ನೀಲಗಂಗಮ್ಮ ನಗುನಗುತ್ತಲೇ ಹೇಳುತ್ತಿದ್ದರು, "ಮದ್ವೆ ದಿನ ಎಲ್ರೂ ಹೆಣ್ಣಿನ ಮುಖ ನೋಡ್ತಾರೆ. ಇವ್ರು ಅಕ್ಷತೆ ಅಕ್ಕೀಲಿ ಕಲ್ಲಿದ್ಯಾ ಅಂತ ನೋಡ್ತಾ ಕೂತಿದ್ರು ಕಣ್ರೀ."

ಎಂಬತ್ನಾಲ್ಕರ ಬೇಸಿಗೆಯಲ್ಲಿ ಪ್ರೆಸ್ ಶಾಪಿನಲ್ಲಿ ಒಂದು ಅಚ್ಚು ಜಾರಿ ಒಬ್ಬರ ಪಾದದ ಮೇಲೆ ಬಿತ್ತು. ಎಲ್ಲರಿಗೂ ಸೇಫ್ಟಿ ಶೂ ಕೊಡಲೇಬೇಕು ಎಂದು ಸರ್ಕಾರದ ಇನ್ಸ್‌ಪೆಕ್ಟರು ಬರೆದಿಟ್ಟು ಹೋದರು. ಬೆರಳುಗಳ ಮೇಲೆ ಉಕ್ಕಿನ ಬಟ್ಟಲು ಕೂರಿಸಿದ ಕಪ್ಪು ಶೂ ಅದು. ಅಲ್ಲಿಯವರೆಗೆ ನಮ್ಮಲ್ಲಿ ಅರ್ಧ ಜನ ಹವಾಯಿ ಚಪ್ಪಲಿ, ಉಳಿದರ್ಧ ಬರಿಗಾಲು. ಮುನ್ನೂರು ಜನರ ಪಾದದ ಅಳತೆ ತೆಗೆಯುವ ಕೆಲಸವನ್ನು ಮ್ಯಾನೇಜರು ಗುರುಬಸಪ್ಪನವರಿಗೆ ಒಪ್ಪಿಸಿದರು. ಬೆಕ್ಕಿಗೆ ಹಾಲಿನ ಪಾತ್ರೆ ಒಪ್ಪಿಸಿದರೆ ಅದು ಕುಡಿದು ಮುಗಿಸುತ್ತದೆ, ಅಷ್ಟೇ. ಇವರಿಗೆ ಒಪ್ಪಿಸಿದ್ದರಿಂದ ಅದಕ್ಕಿಂತ ಹೆಚ್ಚು ನಷ್ಟವಾಯಿತು.

ಬಡಗಿಯಿಂದ ಒಂದು ಹಲಗೆ ಮಾಡಿಸಿದರು. ಹಿಮ್ಮಡಿಗೆ ಒಂದು ಅಡ್ಡಪಟ್ಟಿ, ಬೆರಳ ತುದಿಗೆ ಜಾರಿಸುವ ಇನ್ನೊಂದು ಪಟ್ಟಿ, ಪಕ್ಕದಲ್ಲಿ ನಂಬರುಗಳು. ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ಆರೂಮುಕ್ಕಾಲಿಗೆ ಎಲ್ಲರನ್ನೂ ಸಾಲು ನಿಲ್ಲಿಸಿದರು. ಜನ ಸಹಜವಾಗಿ ಸ್ವಲ್ಪ ಸಡಿಲವಾಗಿರಲಿ ಸಾರ್ ಎಂದರು. ಗುರುಬಸಪ್ಪನವರಿಗೆ ಅನುಮಾನ ಹತ್ತಲು ಅಷ್ಟೇ ಸಾಕಾಯಿತು.

"ಇವನಿಗ್ಯಾಕಮ್ಮ ದೊಡ್ಡದು ಬೇಕು? ತಮ್ಮನಿಗೆ ಕೊಡಕ್ಕೆ. ಇಲ್ಲಾಂದ್ರೆ ಭಾನ್ವಾರ ಗುಜರಿ ಬಜಾರಿಗೆ. ನಂಗೊತ್ತಿಲ್ವಾ?"

ಹಲಗೆ ಒಂಬತ್ತು ತೋರಿಸಿದರೆ ಅವರು ಎಂಟು ಬರೆದರು. ಎಂಟು ತೋರಿಸಿದರೆ ಏಳು. ಮುನ್ನೂರು ಜನಕ್ಕೂ ಒಂದೊಂದು ನಂಬರು ಇಳಿಸಿದರು. ಬಿಗಿಯಾಗಿದ್ದರೆ ಇನ್ನೊಬ್ಬರ ಕಾಲಿಗೆ ಹೋಗುವುದಿಲ್ಲ, ಹಾಕಿಕೊಂಡವನಿಗೆ ನಾಲ್ಕು ದಿನದಲ್ಲಿ ಚರ್ಮ ಹಿಗ್ಗುತ್ತದೆ ಎಂಬುದು ಅವರ ಲೆಕ್ಕಾಚಾರ. ಚರ್ಮ ಹಿಗ್ಗುತ್ತದೆ, ಉಕ್ಕು ಹಿಗ್ಗುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಪಕ್ಕದಲ್ಲಿ ಕೂತು ಪಟ್ಟಿ ಟೈಪ್ ಮಾಡಿದ ನನಗೂ ಹೊಳೆಯಲಿಲ್ಲ. ಅವರೊಂದು ನ್ಯಾಯ ಮಾತ್ರ ಪಾಲಿಸಿದರು. ಎಲ್ಲರಿಗೂ ಮೇಲ್ಪಂಕ್ತಿಯಾಗಲಿ ಎಂದು ತಮ್ಮ ಎಂಟನೇ ನಂಬರಿನ ಪಾದಕ್ಕೂ ಏಳನೇ ನಂಬರಿನ ಶೂ ತರಿಸಿಕೊಂಡು ದಿನವೂ ಹಾಕಿಕೊಂಡರು.

ಎರಡು ಮೂರು ತಿಂಗಳಲ್ಲಿ ಆ ಹತ್ತು ಹೆಜ್ಜೆಯ ದಾರಿಯಲ್ಲಿ ಕುಂಟುವವರ ಸಾಲು ಶುರುವಾಯಿತು. ಎಲ್ಲರದೂ ಒಂದೇ ದೂರು. ಹೆಬ್ಬೆರಳಿನ ಉಗುರು ಪಕ್ಕದ ಮಾಂಸದೊಳಗೆ ಇಳಿದು ಊದಿಕೊಂಡಿದೆ, ಕೀವು ಬರುತ್ತಿದೆ.

"ಮುನ್ನೂರು ಜನಕ್ಕೂ ಒಂದೇ ಬೆರಳು ನೋಯುತ್ತಾ?" ಎಂದರು ಗುರುಬಸಪ್ಪನವರು. "ಯಾರೋ ಹೇಳ್ಕೊಟ್ಟಿದಾರೆ. ಬೋನಸ್ ಮಾತುಕತೆ ಹತ್ರ ಬಂತಲ್ಲ, ಯೂನಿಯನ್‌ದು ಇದು." ಡೈರಿಯಲ್ಲಿ 'ನಾ'ಗಳು ಇರುವೆ ಸಾಲಿನ ಹಾಗೆ ಇಳಿದವು.

ಆ ಸಾಲಿನಲ್ಲಿ ಮುನಿರಾಮಯ್ಯನೂ ಬಂದ. ಉಲ್ಲಾಳದವನು, ನಲವತ್ತರ ಹತ್ತಿರದ ಪ್ರೆಸ್ ಆಪರೇಟರ್. ಮಾತು ಕಡಿಮೆ. ದಿನಾ ಸೈಕಲ್ ತುಳಿದುಕೊಂಡು ಬಂದು ಹೋಗುವವನು. ಪಾಳಿ ಮುಗಿಸಿ ಊರು ಸೇರಿ ಹಸು ನೋಡಿಕೊಳ್ಳುವಷ್ಟರಲ್ಲಿ ಕಾರ್ಖಾನೆ ಕೆಲಸಗಾರರ ಸರ್ಕಾರಿ ಡಿಸ್ಪೆನ್ಸರಿಯ ಹೊತ್ತು ಮೀರಿರುತ್ತದೆ, ಅದಕ್ಕೆ ಬೆಳಿಗ್ಗೆ ಎರಡು ಗಂಟೆ ಪಾಸ್ ಕೊಡಿ ಎಂದು ಕೇಳಿದ. ಮೊದಲನೇ ದಿನ ಕೇಳಿದಾಗ ಗುರುಬಸಪ್ಪನವರು ಇಲ್ಲ ಎಂದರು. ನಾಲ್ಕು ದಿನ ಬಿಟ್ಟು ಮತ್ತೆ ಬಂದ. ಆಗಲೂ ಇಲ್ಲ. ಒಂಬತ್ತನೇ ದಿನ ಮೂರನೇ ಸಲ ಬಂದಾಗ ಅವನ ಮುಖ ಬಿಳಚಿಕೊಂಡಿತ್ತು. ನಾನೂ ನೋಡುತ್ತಿದ್ದೆ. ಕುಂಟುತ್ತಾ ಬಂದವನು ಏಳನೇ ಹೆಜ್ಜೆಯಲ್ಲಿ ನೆಟ್ಟಗೆ ನಡೆದ.

"ನೋಡಿದ್ರಾ?" ಎಂದು ಗುರುಬಸಪ್ಪನವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಅವನು ಬರಿಗೈಯಲ್ಲಿ ಹಿಂದಕ್ಕೆ ಹೋದ ಮೇಲೆ ಆಫೀಸಿನೊಳಗೆ ಅವನ ಹಾಗೇ ಆರು ಹೆಜ್ಜೆ ಕುಂಟಿ, ಏಳನೆಯದಕ್ಕೆ ಸಿಪಾಯಿಯಂತೆ ಠೀವಿಯಿಂದ ನಡೆದು ತೋರಿಸಿದರು.

ನಾನು ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು, ಯಾರೂ ಕೇಳುವವರಿಲ್ಲ. ಆದರೆ ನಕ್ಕಿದ್ದು ನಿಜ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಮಾರನೇ ದಿನದಿಂದ ಮುನಿರಾಮಯ್ಯ ಬರಲಿಲ್ಲ. ಮನೆಯವರು ಆಸ್ಪತ್ರೆಗೆ ಸೇರಿಸಿದರಂತೆ. ಒಂದು ತಿಂಗಳ ಮೇಲೆ ಸರ್ಟಿಫಿಕೇಟು ಹಿಡಿದುಕೊಂಡು ಬಂದ. ಡಾಕ್ಟರರ ಅಕ್ಷರ ಯಾರಿಗೂ ಓದಲು ಬರಲಿಲ್ಲ. ಗುರುಬಸಪ್ಪನವರು ಅದನ್ನು ಬೆಳಕಿಗೆ ಹಿಡಿದು, ಸೀಲನ್ನು ಉಗುರಿನಿಂದ ಕೆರೆದು ನೋಡಿ, ಡೈರಿಯಲ್ಲಿ 'ನಾ' ಎಂದು ಬರೆದುಕೊಂಡರು. ಮುನಿರಾಮಯ್ಯ ಏನೂ ಹೇಳದೆ ಒಳಗೆ ಹೋಗಿ ತನ್ನ ಪ್ರೆಸ್ಸಿನ ಮುಂದೆ ನಿಂತ. ಶಾಪಿನವರು ಯಾರೂ ನಮಗೆ ಏನೂ ಹೇಳಲಿಲ್ಲ. ನಂಬದವರ ಹತ್ತಿರ ಯಾರು ತಾನೇ ಏನು ಹೇಳುತ್ತಾರೆ?

ಎಂಬತ್ತೈದರ ಯುಗಾದಿ ಕಳೆದ ಮೇಲೆ ನನಗೇ ಒಂದು ಅನುಮಾನ ಶುರುವಾಯಿತು. ಗುರುಬಸಪ್ಪನವರು ಕಿಟಕಿಯಲ್ಲಿ ಎದ್ದು ನಿಲ್ಲುವುದನ್ನು ಬಿಟ್ಟರು. ಕುಂಟುವವರು ಬಂದರೆ ಕೂತಲ್ಲಿಂದಲೇ ಕತ್ತು ಉದ್ದ ಮಾಡುತ್ತಿದ್ದರು. ನಾನು ಹತ್ತುತ್ತಿದ್ದ ಬಸ್ಸಿಗಿಂತ ಅರ್ಧ ಗಂಟೆ ಮುಂಚಿನ ಬಸ್ಸಿಗೆ ಹೋಗತೊಡಗಿದರು. ಮೇಜಿನ ಕೆಳಗೆ ಕಸದ ಬುಟ್ಟಿ ಬೋರಲು ಹಾಕಿ ಬಲಗಾಲು ಅದರ ಮೇಲಿಟ್ಟುಕೊಂಡಿರುತ್ತಿದ್ದರು. ಊದಿನಕಡ್ಡಿಯನ್ನು ದೇವರ ಪಟಕ್ಕೆ ತೋರಿಸಿದ ಮೇಲೆ ಮೇಜಿನ ಕೆಳಗೆ ಸಿಕ್ಕಿಸುತ್ತಿದ್ದರು. ಅಷ್ಟು ವರ್ಷ ಅವರ ಪಕ್ಕ ಕೂತ ಮೇಲೆ ನನ್ನ ಕಣ್ಣೂ ಅವರ ಕಣ್ಣಿನಂತೇ ಆಗಿತ್ತಲ್ಲ. ನಾನು ಕಾದೆ.

ಗುಟ್ಟು ಒಂದು ಸಂಜೆ ತಾನಾಗಿ ನಮ್ಮ ಮನೆ ಬಾಗಿಲಿಗೆ ಬಂತು. "ವಿಮಲಮ್ಮ, ನಿಂಬೆಹಣ್ಣು ಇದ್ರೆ ಒಂದು ಕೊಡಿ. ದೊಡ್ಡದು," ಎಂದರು ನೀಲಗಂಗಮ್ಮ.

"ಪಾನಕಕ್ಕಾ?"

"ಬೆರಳಿಗೆ," ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು.

ಹೋಗಿ ನೋಡಿದೆ. ಗುರುಬಸಪ್ಪನವರು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ಬಲಗಾಲಿನ ಹೆಬ್ಬೆರಳು ಗುಂಡು ಬದನೆಕಾಯಿಯಂತಾಗಿತ್ತು, ಬಣ್ಣವೂ ಅದೇ. ಉಗುರಿನ ಒಂದು ಪಕ್ಕ ಹಸಿಮಾಂಸ ಉಬ್ಬಿ ಉಗುರನ್ನೇ ಮುಚ್ಚಿತ್ತು. ಅದರಿಂದ ಕೀವು ಜಿನುಗುತ್ತಿತ್ತು. ಮೂರು ವಾರದಿಂದ ಹೀಗಂತೆ. ಮೊದಲು ಅರಿಶಿನ ಎಣ್ಣೆ, ಆಮೇಲೆ ಸುಣ್ಣ ಬೆಲ್ಲ, ಈಗ ಒಂದು ವಾರದಿಂದ ರಾತ್ರಿ ಮಲಗುವಾಗ ನಿಂಬೆಹಣ್ಣು ತೂತು ಮಾಡಿ ಬೆರಳಿಗೆ ತೊಡಿಸುವುದು. ಉಗುರುಸುತ್ತಿಗೆ ನಾವೆಲ್ಲಾ ಮಾಡುವುದೇ ಅದು. ಬೆಳಿಗ್ಗೆ ಅದೇ ಬೆರಳನ್ನು ಏಳನೇ ನಂಬರಿನ ಶೂಗೆ ತುರುಕಿಕೊಂಡು ಬರುತ್ತಿದ್ದರು.

"ಪ್ರತಿ ಭಾನ್ವಾರ ಹಳೇ ಬ್ಲೇಡ್ ತಗೊಂಡು ಮೂಲೆ ಬಗೀತಾರೆ," ಎಂದರು ನೀಲಗಂಗಮ್ಮ. "ಬೇಡ ಅಂದ್ರೆ ಕೇಳಲ್ಲ. ಮೂಲೆಲಿ ಉಗುರು ಬಿಟ್ರೆ ಒಳಗೊಳಗೇ ಏನೋ ಮಾಡುತ್ತಂತೆ."

ಅವರಿಗೆ ಉಗುರಿನ ಮೇಲೂ ನಂಬಿಕೆ ಇರಲಿಲ್ಲ. ಕತ್ತರಿಸಿದ ಚೂರುಗಳನ್ನು ಕಾಗದದಲ್ಲಿ ಕಟ್ಟಿ ಹಿತ್ತಿಲ ತೆಂಗಿನ ಬುಡದಲ್ಲಿ ಹೂಳುತ್ತಿದ್ದರು, ಯಾರ ಕೈಗಾದರೂ ಸಿಕ್ಕಿ ಮಾಟ ಮಾಡಿಸಿದರೆ ಎಂದು.

"ಸಾರ್, ನಾಳೆನೇ ಡಿಸ್ಪೆನ್ಸರಿಗೆ ಹೋಗಿ," ಎಂದೆ.

"ಹೋದ್ರೆ ಏನ್ಮಾಡ್ತಾರೆ ಗೊತ್ತಾ? ಕತ್ತರಿಸ್ತಾರೆ. ಅವ್ರಿಗೆ ಕೈ ಪಳಗ್ಬೇಕಲ್ಲ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಮ್ಮ?"

"ಉಗುರಲ್ಲಿ ಹೋಗೋ ಕಾಲ ಮುಗೀತು ಸಾರ್."

"ಸರಿ, ಹೋದೆ ಅಂತಿಟ್ಕೊಳಿ. ರಜೆ ಚೀಟಿ ಬರ್ಕೊಡ್ತಾರೆ. ಅದನ್ನ ಯಾರಿಗೆ ಕೊಡ್ಲಿ? ನಂಗೇ ಕೊಡ್ಬೇಕು. ಮುನ್ನೂರು ಜನರ ಮುಂದೆ ಬೆರಳು ನೋವು ಅಂತ ಹತ್ತು ಹೆಜ್ಜೆ ನಾನು ನಡೀಲಾ? ಪ್ರಾಣ ಹೋದ್ರೂ ಇಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಪ್ರಾಣ ಹೋಗುವುದಿಲ್ಲ, ಬೆರಳು ಹೋಗುತ್ತದೆ ಎಂದು ಹೇಳಿ ಎದ್ದು ಬಂದೆ. ಬರುವಾಗ ನೀಲಗಂಗಮ್ಮ ಗೇಟಿನವರೆಗೂ ಬಂದು, "ನಮ್ಮ ಮಾವನವರಿಗೂ ಹಿಂಗೇ ಒಂದು ಗಾಯ ಆಗಿ ಮಾಯ್ಲೇ ಇಲ್ಲ, ಕೊನೆಗೆ ಮೊಣಕಾಲಿನವರ್ಗೂ ತೆಗೆದ್ರು," ಎಂದರು. ಮನೆಗೆ ಬಂದರೂ ಆ ಬೆರಳೇ ಕಣ್ಣ ಮುಂದೆ ಇತ್ತು.

ಎರಡು ದಿನ ಕಳೆದ ಮೇಲೆ ಚಹಾದ ಹೊತ್ತಿನಲ್ಲಿ ಮುನಿರಾಮಯ್ಯ ಕಿಟಕಿಗೆ ಬಂದ. ಪಾಸ್ ಕೇಳಲಿಲ್ಲ. ಬಗ್ಗಿ ಮೇಜಿನ ಕೆಳಗೆ ನೋಡಿ, "ಎಷ್ಟು ದಿನ ಆಯ್ತು ಸಾರ್?" ಎಂದ.

"ಏನು ಎಷ್ಟು ದಿನ?"

"ಕಾಲು."

ಗುರುಬಸಪ್ಪನವರು ಕೆಂಪಗಾದರು. "ಯಾರು ಕಳ್ಸಿದ್ರು ನಿನ್ನ? ಯೂನಿಯನ್ನಾ? ನಾನು ಕುಂಟ್ತೀನಾ ಇಲ್ವಾ ಅಂತ ನೋಡ್ಕೊಂಡು ಬಾ ಅಂದ್ರಾ?"

"ಯಾರೂ ಕಳ್ಸಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡಿ ಸಾರ್, ಆ ಶೂ ಹಾಕ್ಬೇಡಿ, ಡಾಕ್ಟ್ರಿಗೆ ತೋರ್ಸಿ," ಎಂದು ಹೇಳಿ ಅವನು ಹೋದ.

ಆ ಸಂಜೆಯೆಲ್ಲಾ ಗುರುಬಸಪ್ಪನವರು ಅದನ್ನೇ ಅಗಿದರು. ಪಾಸ್ ಕೊಡದೆ ಮೂರು ಸಲ ವಾಪಸ್ಸು ಕಳಿಸಿದವನಿಗೆ ನನ್ನ ಮೇಲೆ ಇಷ್ಟು ಕರುಣೆ ಯಾಕೆ? ಉಪ್ಪುನೀರಲ್ಲಿ ಏನೋ ಇದೆ. ನನ್ನನ್ನು ಡಿಸ್ಪೆನ್ಸರಿಗೆ ಕಳಿಸಿ ಎಲ್ಲರನ್ನೂ ನಗಿಸಬೇಕೆಂದಿದ್ದಾನೆ. ಹೀಗೆ ಗೊಣಗಿದರು. ಉಪ್ಪುನೀರನ್ನೂ ಅನುಮಾನಿಸುವ ಮನುಷ್ಯನಿಗೆ ಯಾವ ಔಷಧ ಕೊಡುವುದು? ನಾನು ಟೆಲಿಫೋನ್ ಬೋರ್ಡಿನ ಪ್ಲಗ್ಗುಗಳನ್ನು ಎಳೆದು ಸಿಕ್ಕಿಸುತ್ತಿದ್ದೆ.

ಶನಿವಾರ ಅವರಿಗೆ ಚಳಿಜ್ವರ ಬಂದಿತ್ತು. ರಿಜಿಸ್ಟರಿನಲ್ಲಿ ಅಕ್ಷರಗಳು ಗೆರೆ ಬಿಟ್ಟು ಹೋಗುತ್ತಿದ್ದವು. ಹನ್ನೊಂದು ಗಂಟೆಗೆ ಮುನಿರಾಮಯ್ಯ ಹೇಳದೆ ಕೇಳದೆ ಟೈಮ್ ಆಫೀಸಿನ ಒಳಗೇ ಬಂದ. ಕೆಲಸಗಾರರು ಯಾರೂ ಆ ಹೊಸ್ತಿಲು ದಾಟಿದ್ದಿಲ್ಲ. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಬಲಗಾಲಿನ ಶೂ ಬಿಚ್ಚಿದ. ಒಳಗಿನಿಂದ ಒಂದು ಬಟ್ಟೆಯ ಉಂಡೆ ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಪಾದವನ್ನು ಗುರುಬಸಪ್ಪನವರ ಮುಂದೆ ಚಾಚಿದ.

ಹೆಬ್ಬೆರಳು ಇರಲಿಲ್ಲ. ಆ ಜಾಗದಲ್ಲಿ ನುಣ್ಣಗೆ ಮಾಯ್ದ ಗುಲಾಬಿ ಬಣ್ಣದ ಚರ್ಮ ಇತ್ತು.

"ಕೀವು ಮೂಳೆಗೆ ಹತ್ತಿತ್ತು ಸಾರ್," ಎಂದ. "ಒಂದು ವಾರ ಮುಂಚೆ ಬಂದಿದ್ರೆ ಉಗುರಿನ ಅಂಚು ತೆಗೆದು ಕಳಿಸ್ತಿದ್ವಿ ಅಂದ್ರು ಡಾಕ್ಟ್ರು. ನಿಮ್ದು ಜ್ವರ ಬಂದಿದೆ. ನಂಗೂ ಮೊದಲು ಹಿಂಗೇ ಜ್ವರ ಬಂದಿದ್ದು."

ಸಿಟ್ಟಿಲ್ಲ, ಅಳುವಿಲ್ಲ. ಬಸ್ಸಿನ ಹೊತ್ತು ಹೇಳುವಂತೆ ಹೇಳಿದ. ನನಗೆ ನನ್ನ ಅವತ್ತಿನ ನಗು ನೆನಪಾಯಿತು. ಗುರುಬಸಪ್ಪನವರು ಬಹಳ ಹೊತ್ತು ಆ ಪಾದ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ, "ಆಟೋ ಕರೀರಿ ವಿಮಲಮ್ಮ," ಎಂದರು. ಒಂದು ಕ್ಷಣ ಬಿಟ್ಟು, "ನೀವೂ ಬನ್ನಿ. ಇವನೊಬ್ಬನ ಜೊತೆ ನಾನು ಹೋಗಲ್ಲ. ಸಾಕ್ಷಿಗೆ ಒಬ್ರು ಇರ್ಲಿ."

ನೋಡಿ, ಇಷ್ಟಾದ ಮೇಲೂ!

ಮೂರು ಗೇಟ್ ಪಾಸ್ ಅವರೇ ಬರೆದರು. ಮ್ಯಾನೇಜರ ಸಹಿಗೆ ಶಾಪಿನ ಬಾಗಿಲಲ್ಲಿದ್ದ ಅವರ ಕೋಣೆಗೇ ಹೋಗಬೇಕಿತ್ತು. ಹೋಗುವಾಗ ಯಾರೂ ನೋಡಲಿಲ್ಲ. ಸಹಿ ಹಾಕಿಸಿಕೊಂಡು ಹಿಂದಿರುಗುವಾಗ ಊಟದ ಗಂಟೆ ಹೊಡೆಯಿತು. ಜನ ಬುತ್ತಿ ಹಿಡಿದುಕೊಂಡು ಹೊರಗೆ ಬಂದರು. ಎಡಗಾಲಿಗೆ ಶೂ, ಬಲಗಾಲಿಗೆ ಬರಿ ಕಾಲುಚೀಲ ಹಾಕಿಕೊಂಡು ಟೈಮ್ ಕೀಪರ್ ಕುಂಟುವುದನ್ನು ಪ್ರೆಸ್ ಶಾಪು ಪೂರ್ತಿ ನಿಂತು ನೋಡಿತು. ಒಬ್ಬ ಶಿಳ್ಳೆ ಹಾಕಲು ಬಾಯಿಗೆ ಬೆರಳಿಟ್ಟ. ಮುನಿರಾಮಯ್ಯ ಅವನನ್ನು ನೋಡಿದ್ದೇ ತಡ, ಬೆರಳು ಕೆಳಗಿಳಿಯಿತು.

ನಾನು ಎಣಿಸುತ್ತಿದ್ದೆ. ಎಣಿಸಬೇಡ ಅಂದುಕೊಂಡರೂ ಬಿಡಲಾಗಲಿಲ್ಲ. ನಾಲ್ಕು, ಐದು, ಆರು. ಏಳನೇ ಹೆಜ್ಜೆಯಲ್ಲಿ ಗುರುಬಸಪ್ಪನವರು ನೆಟ್ಟಗೆ ನಡೆದರು.

ಅಲ್ಲೇ ನಿಂತುಬಿಟ್ಟರು. ಕಿಟಕಿಯ ಹತ್ತಿರ ನಿಂತಿದ್ದ ನನ್ನ ಮುಖ ನೋಡಿದರು. ಅವರ ಮುಖದಲ್ಲಿ ಅಂಥ ಭಯವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ವಿಮಲಮ್ಮ," ಎಂದರು ಮೆಲ್ಲಗೆ, "ನೋವು ನಡುನಡುವೆ ಬಿಡುತ್ತೆ ಕಣಮ್ಮ. ಒಂದೊಂದು ಹೆಜ್ಜೆಗೆ ಬಿಡುತ್ತೆ."

ನಾನು ಅವರ ಬಲಗಾಲಿನ ಶೂ ಎತ್ತಿಕೊಂಡು ಆಟೋ ಕಡೆ ನಡೆದೆ.

ಡಿಸ್ಪೆನ್ಸರಿಯಲ್ಲಿ ಇದ್ದದ್ದು ಒಬ್ಬ ವಯಸ್ಸಿನ ಡಾಕ್ಟರಮ್ಮ. ಬೆರಳು ನೋಡಿದರು, ಪಾದದ ಮೇಲೆ ಏರುತ್ತಿದ್ದ ಕೆಂಪು ಗೆರೆಯನ್ನು ಬೆರಳಿನಿಂದ ಸವರಿದರು. ಮೂತ್ರ ಪರೀಕ್ಷೆಗೆ ಕಳಿಸಿದರು. ನಳಿಕೆಯೊಳಗಿನ ನೀಲಿ ನೀರು ಕಾಯಿಸಿದ ಮೇಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

"ನಿಮಗೆ ಸಕ್ಕರೆ ಕಾಯಿಲೆ ಇದೆ, ಗೊತ್ತಾ?"

"ನಳಿಕೆ ಸರಿಯಾಗಿ ತೊಳೆದಿದ್ರಾ?" ಎಂದು ಕೇಳಿದರು ಗುರುಬಸಪ್ಪನವರು.

ಡಾಕ್ಟರಮ್ಮ ನಕ್ಕುಬಿಟ್ಟರು. "ಇನ್ನೆರಡು ದಿನ ತಡ ಮಾಡಿದ್ರೆ ಬೆರಳಿಗೆ ನಾನು ಜವಾಬ್ದಾರಿ ಅಲ್ಲ. ಈಗಾದ್ರೆ ಉಳಿಸ್ಕೋಬಹುದು. ಉಗುರು ಪೂರ್ತಿ ಕೀಳಲ್ಲ, ಒಂದು ಅಂಚು ಮಾತ್ರ. ಇಂಜೆಕ್ಷನ್ ಕೊಡ್ತೀನಿ, ಬೆರಳು ಜೋಮು ಹಿಡಿಯುತ್ತೆ."

ಗುರುಬಸಪ್ಪನವರು ಇಂಜೆಕ್ಷನ್ನಿನ ಸೀಸೆ ಇಸಿದುಕೊಂಡು ಮೇಲಿನ ತಾರೀಖು ಓದಿದರು. ಕೆಲಸ ಮುಗಿಯುವವರೆಗೂ ಕಣ್ಣು ಮುಚ್ಚದೆ ನೋಡುತ್ತಿದ್ದರು. ಅವರ ಎಡಗೈ ಮಾತ್ರ ಮುನಿರಾಮಯ್ಯನ ಮಣಿಕಟ್ಟನ್ನು ಹಿಡಿದಿತ್ತು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

"ಎಷ್ಟು ಕತ್ತರಿಸಿದ್ರಿ, ತೋರ್ಸಿ," ಎಂದರು ಕೊನೆಗೆ.

ಡಾಕ್ಟರಮ್ಮ ಚಿಮಟದಲ್ಲಿ ಎತ್ತಿ ತೋರಿಸಿದರು. ಕಿರಿದಾದ ಒಂದು ಉಗುರಿನ ಪಟ್ಟಿ, ಅದರ ತುದಿಯಲ್ಲಿ ಜಾಲಿಮುಳ್ಳಿನಷ್ಟು ಚೂಪಾದ ಒಂದು ಮೊನೆ. "ಈ ಮುಳ್ಳು ನೋಡಿ. ಇದು ನೀವೇ ಮಾಡಿದ್ದು. ಬ್ಲೇಡಲ್ಲಿ ಮೂಲೆ ಬಗೆದಾಗ ಆಳದಲ್ಲಿ ಒಂದು ಚೂರು ಉಳ್ಕೊಳುತ್ತೆ. ಉಗುರು ಬೆಳೆದ ಹಾಗೆಲ್ಲಾ ಅದು ಮಾಂಸ ಚುಚ್ಕೊಂಡು ಹೋಗುತ್ತೆ. ಉಗುರನ್ನ ಅಡ್ಡಕ್ಕೆ ನೆಟ್ಟಗೆ ಕತ್ತರಿಸ್ಬೇಕು. ಮೂಲೆ ಎರಡೂ ಚರ್ಮದಿಂದ ಆಚೆ ಕಾಣ್ತಾ ಇರ್ಬೇಕು. ಕಾಲು ತೊಳೆದ್ಮೇಲೆ ಬೆರಳ ಸಂದಿ ಒರೆಸ್ಕೊಳಿ. ಸಕ್ಕರೆ ಇರೋದ್ರಿಂದ ದಿನಾ ಪಾದ ನೋಡ್ಕೋಬೇಕು. ಸಣ್ಣ ಗಾಯನೂ ನಂಬ್ಬೇಡಿ."

ನಂಬಬೇಡಿ ಎಂದ ಮೊದಲ ಡಾಕ್ಟರು ಅವರೇ. ಗುರುಬಸಪ್ಪನವರ ಮುಖ ಸ್ವಲ್ಪ ಅರಳಿತು.

"ಶೂ ಎಲ್ಲಿ?" ಎಂದರು ಡಾಕ್ಟರಮ್ಮ. ನಾನು ಕೈಯಲ್ಲಿ ಹಿಡಿದುಕೊಂಡು ಬಂದಿದ್ದೆ. ಅದನ್ನು ಅವರ ಪಾದದ ಪಕ್ಕ ಇಟ್ಟು, ಉಕ್ಕಿನ ಬಟ್ಟಲೊಳಗೆ ಬೆರಳು ಹಾಕಿ ನೋಡಿದರು. "ನಿಮ್ಮ ಕಾರ್ಖಾನೆಯೋರು ಇದೇ ಬೆರಳು ತಗೊಂಡು ಎಷ್ಟು ಜನ ಬಂದಿದಾರೆ ಗೊತ್ತಾ ನಂಗೆ? ಒಂದು ಬೆರಳಗಲ ಜಾಗ ಇರ್ಬೇಕು ಇಲ್ಲಿ. ಇದು ಒಂದು ನಂಬರ್ ಚಿಕ್ಕದು. ಯಾರ್ರೀ ಅಳತೆ ತಗೊಂಡಿದ್ದು?"

ಮುನಿರಾಮಯ್ಯ ಗೋಡೆಯ ಮೇಲಿದ್ದ ಕುಟುಂಬ ಯೋಜನೆಯ ಚಿತ್ರ ನೋಡುತ್ತಾ ನಿಂತ. ನಾನು ನೆಲ ನೋಡಿದೆ.

"ನಾನು," ಎಂದರು ಗುರುಬಸಪ್ಪನವರು.

ಹೊರಗೆ ಬೇವಿನ ಮರದ ಕೆಳಗೆ ಬೆಂಚಿತ್ತು. ಬ್ಯಾಂಡೇಜಿನ ಕಾಲು ಚಾಚಿ ಕೂತು, ಮಾತ್ರೆಯ ಪೊಟ್ಟಣ ಬಿಚ್ಚಿ ಮಾತ್ರೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ಮಡಿಸಿಟ್ಟರು. ಆಮೇಲೆ ಕೇಳಿದರು, "ಮುನಿರಾಮಯ್ಯ, ಈಗ್ಲಾದ್ರೂ ಬಾಯಿಬಿಡು. ನಿನ್ನ ಬೆರಳು ಹೋಗಿದ್ದು ನನ್ನಿಂದ. ನನ್ನ ಬೆರಳು ಉಳಿಸಿದ್ದು ನೀನು. ನಿಂಗೇನು ಬೇಕು?"

ಏನೂ ಬೇಡ ಸಾರ್ ಎನ್ನುತ್ತಾನೆ ಎಂದು ನಾನು ಕಾದೆ. ಹಾಗೆ ಅಂದಿದ್ದರೆ ಗುರುಬಸಪ್ಪನವರು ಸಾಯುವವರೆಗೂ ಅವನನ್ನು ಅನುಮಾನಿಸುತ್ತಿದ್ದರು. ಅವನು ಹಾಗೆ ಅನ್ನಲಿಲ್ಲ.

"ಒಂಬತ್ತನೇ ನಂಬರ್ ಶೂ ಸಾರ್," ಎಂದ.

"ಅಷ್ಟೇನಾ?"

"ನಂಗೊಬ್ಬನಿಗಲ್ಲ. ಒಂಬತ್ತು ಇರೋರಿಗೆಲ್ಲಾ ಒಂಬತ್ತು, ಎಂಟು ಇರೋರಿಗೆಲ್ಲಾ ಎಂಟು. ನೀವು ಬರೆದ್ರೇ ಮ್ಯಾನೇಜರು ಕೇಳೋದು. ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಇನ್ನೂ ಹನ್ನೊಂದು ಜನಕ್ಕೆ ಕೀವು ಬರ್ತಾ ಐತೆ."

ಗುರುಬಸಪ್ಪನವರು ತಲೆಯಾಡಿಸಿದರು. ಉದ್ದೇಶ ಗೊತ್ತಾಯಿತಲ್ಲ, ಅವರಿಗೆ ಎಷ್ಟೋ ಸಮಾಧಾನವಾದಂತೆ ಕಂಡಿತು.

ಹತ್ತು ದಿನ ರಜೆ ಹಾಕಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲನೆಯದು. ಬೆಳಿಗ್ಗೆ ಸಂಜೆ ಉಪ್ಪುನೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದರು. ನೀರು ಎಷ್ಟು ಬಿಸಿ ಎಂದು ಮೊದಲು ನೀಲಗಂಗಮ್ಮ ಮೊಣಕೈ ಅದ್ದಿ ಹೇಳಬೇಕು, ಆಮೇಲೆ ಇವರ ಮೊಣಕೈ. ಹನ್ನೊಂದನೇ ದಿನ ಮುಂಭಾಗ ತೆರೆದ ಚಪ್ಪಲಿ ಹಾಕಿಕೊಂಡು ಬಂದರು. ಕೈಯಲ್ಲಿ ಮ್ಯಾನೇಜರಿಗೆ ಬರೆದ ಪತ್ರವಿತ್ತು. ನಾನೇ ಟೈಪ್ ಮಾಡಿದ್ದರಿಂದ ನೆನಪಿದೆ. ಪಾದದ ಅಳತೆಗಳನ್ನು ತಾನು ಬೇಕೆಂದೇ ಒಂದು ನಂಬರ್ ಇಳಿಸಿ ಬರೆದಿದ್ದಾಗಿಯೂ ಅದಕ್ಕೆ ತಾನೊಬ್ಬನೇ ಹೊಣೆಯೆಂದೂ ಇತ್ತು.

ಮ್ಯಾನೇಜರು ಓದಿ, "ಯೂನಿಯನ್ನೋರು ನಿಮ್ಮನ್ನೂ ಹಿಡ್ಕೊಂಡ್ರಾ ಗುರುಬಸಪ್ಪ?" ಎಂದರಂತೆ. ಅನುಮಾನದ ರುಚಿ ಹೇಗಿರುತ್ತದೆ ಎಂದು ಅವತ್ತು ಗುರುಬಸಪ್ಪನವರಿಗೂ ತಿಳಿಯಿತು. ಎರಡು ಗಂಟೆ ಕಾಲ ಮ್ಯಾನೇಜರ ಕೋಣೆಯಲ್ಲಿ ನಿಂತೇ ಇದ್ದು, ಬೇಕಾದರೆ ನನ್ನ ಬಡ್ತಿ ತಡೆಯಿರಿ, ಶೂ ಬದಲಾಯಿಸಿ ಎಂದು ಹೇಳಿ ಒಪ್ಪಿಸಿ ಬಂದರು. ಬಡ್ತಿಯನ್ನು ತಡೆದರು. ಶೂಗಳೂ ಬಂದವು.

ಹೊಸ ಅಳತೆಯನ್ನು ಈ ಸಲ ಸಂಜೆ ಪಾಳಿ ಮುಗಿದ ಮೇಲೆ ತೆಗೆದರು, ದಿನವಿಡೀ ನಿಂತ ಪಾದ ಸಂಜೆಗೆ ಊದಿರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರಿಂದ. ಮುನ್ನೂರು ಜನರ ಉಗುರನ್ನೂ ನೋಡಿದರು. ಮೂಲೆ ಬಗೆದವರಿಗೆ ಬೈಗುಳ. "ಸುಳ್ಳು ಹೇಳ್ಬೇಡ, ಬ್ಲೇಡ್ ಹಾಕಿದೀಯ, ನಂಗೆ ಗೊತ್ತಾಗುತ್ತೆ!" ಅನುಮಾನ ಎಲ್ಲೂ ಹೋಗಿರಲಿಲ್ಲ, ಬೆರಳಿಗೆ ಇಳಿದಿತ್ತು ಅಷ್ಟೇ. ಹೊರಗೆ ಹೋಗಲು ಪಾಸ್ ಕೇಳಿದವರನ್ನು ಮಾತ್ರ ಅವರು ಮತ್ತೆ ಎದ್ದು ನಿಂತು ನೋಡಲಿಲ್ಲ.

ಸಾಲಿನ ಕೊನೆಯಲ್ಲಿ ಮುನಿರಾಮಯ್ಯ ಬಂದ. ಎಡಗಾಲು ಹಲಗೆಯ ಮೇಲಿಟ್ಟ. ಪಟ್ಟಿ ಒಂಬತ್ತಕ್ಕೆ ನಿಂತಿತು. ಬಲಗಾಲಿನ ಶೂನಿಂದ ಬಟ್ಟೆಯ ಉಂಡೆ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ಬಲಗಾಲು ಇಟ್ಟ. ಗುರುಬಸಪ್ಪನವರು ನೆಲಕ್ಕೆ ಮಂಡಿಯೂರಿ ಪಟ್ಟಿಯನ್ನು ಮೆಲ್ಲಗೆ ಜಾರಿಸಿದರು. ಬೆರಳಿಲ್ಲದ ಜಾಗವನ್ನು ದಾಟಿ ಪಕ್ಕದ ಬೆರಳ ತುದಿಗೆ ತಾಗಿ ಅದು ಎಂಟಕ್ಕೆ ನಿಂತಿತು. ಅವರು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಎಂಟು ಬಂತು ಸಾರ್ ಅದು," ಎಂದ ಮುನಿರಾಮಯ್ಯ.

"ನಂಗೆ ಕಣ್ಣು ಕಾಣ್ಸುತ್ತೆ, ಸುಮ್ನಿರು," ಎಂದರು ಗುರುಬಸಪ್ಪನವರು. ನನ್ನ ಕೈಯಿಂದ ಹೆಸರುಗಳ ಪಟ್ಟಿ ಇಸಿದುಕೊಂಡು, ಮೊದಲನೇ ಪೆನ್ನಿನಲ್ಲೇ, ಎರಡೂ ಕಾಲಿಗೆ ಒಂಬತ್ತು ಎಂದು ಬರೆದರು.